ಏಳನೆಯ ಫೋಟೋ

ಯೂನಿಫಾರ್ಮಿಗೆ ಇಸ್ತ್ರಿ ಹಾಕಿದ್ದೇ ತಪ್ಪಾಯಿತೇನೋ ಎಂದು ಸ್ಫೂರ್ತಿಗೆ ಅನ್ನಿಸಿದ್ದು ಕಾನಸೂರಿನ ಪೇಟೆ ದಾಟಿ, ಡಾಂಬರು ಮುಗಿದು, ಬೈಕಿನ ಗಾಲಿ ಕೆಂಪು ಧೂಳಿಗೆ ಇಳಿದ ಮೇಲೆ. ಹೋಗುತ್ತಿರುವುದು ನಾಗಪ್ಪನ ಆಲೆಮನೆಗೆ, ಅದೂ ಕರೆದದ್ದಕ್ಕೆ, ಡ್ಯೂಟಿಗಲ್ಲ. ಹಾಗಾದರೆ ಚೂಡಿದಾರ ಹಾಕಿಕೊಳ್ಳಬೇಕಿತ್ತು. ಚೂಡಿದಾರ ಹಾಕಿದರೆ, ಊರೆಲ್ಲ ಹೊತ್ತಿ ಉರಿಯುವಾಗ ಗಾರ್ಡಮ್ಮ ಕಬ್ಬಿನ ಹಾಲು ಕುಡಿಯಲು ಸಿಂಗಾರ ಮಾಡಿಕೊಂಡು ಬಂದಳು ನೋಡಿ ಅನ್ನುತ್ತಾರೆ. ಯೂನಿಫಾರ್ಮು ಹಾಕಿದರೆ, ಓಹೋ ಬಂತಪ್ಪ ಕೊಪ್ಪರಿಗೆ ಆರಿಸುವ ಪಡೆ ಅನ್ನುತ್ತಾರೆ. ಅನ್ನುವವರ ಬಾಯಿಗೆ ಇಸ್ತ್ರಿ ಹಾಕಲಾದೀತೇ? ಬನವಾಸಿ ಕಡೆಯಿಂದ ಬಂದು ಗಾಳಿಗುಡ್ಡದ ಬೀಟಿಗೆ ಫಾರೆಸ್ಟ್ ಗಾರ್ಡ್ ಆಗಿ ಎರಡನೇ ಬೇಸಿಗೆ ಕಾಣುತ್ತಿರುವ ಇಪ್ಪತ್ತಾರರ ಹುಡುಗಿಗೆ ಒಂದು ಲೋಟ ಕಬ್ಬಿನ ಹಾಲಿನ ಬಗ್ಗೆ ಇಷ್ಟೊಂದು ಯೋಚನೆ ಬೇಕೇ ಎಂದು ಯಾರಾದರೂ ಕೇಳಿಯಾರು. ಬೇಕು. ಆ ಲೋಟದ ಹಿಂದೆ ಒಂದೂವರೆ ತಿಂಗಳ ಸಿಟ್ಟಿತ್ತು.

ಈ ವರ್ಷದ ಬೇಸಿಗೆಯಾದರೂ ಎಂಥದ್ದು! ದೀಪಾವಳಿ ಕಳೆದ ಮೇಲೆ ಒಂದು ಹನಿ ಬಿದ್ದಿಲ್ಲ. ಶಿವರಾತ್ರಿಗೆ ಮೊದಲೇ ಹಳ್ಳಗಳೆಲ್ಲ ತಳದ ಕಲ್ಲು ತೋರಿಸಿ ಕೂತವು. ಯಲ್ಲಾಪುರದ ಕಡೆಯ ಕಾಡು ಒಂದು ವಾರ ಹೊಗೆಯಾಡಿತು, ಹೆಗ್ಗರಣೆಯ ಘಟ್ಟದಂಚಿಗೆ ಎರಡು ಸಲ ಬೆಂಕಿ ಬಿತ್ತು, ಶಿರಸಿಯಲ್ಲಿ ಬೆಳಿಗ್ಗೆ ಎದ್ದರೆ ಒಣಹಾಕಿದ ಬಟ್ಟೆಯ ಮೇಲೆ ಬೂದಿ. ಇಷ್ಟಕ್ಕೆಲ್ಲ ಸ್ಫೂರ್ತಿಯವರ ರೇಂಜಿನಲ್ಲಿ ಇದ್ದದ್ದು ಒಂದು ಜೀಪು, ಆರು ಜನ, ತರಗೆಲೆ ಊದಿ ದಾರಿ ಮಾಡುವ ಎರಡು ಯಂತ್ರ. ಮೇಲೆ ಆಕಾಶದಲ್ಲಿ ಒಂದು ಉಪಗ್ರಹ. ನೆಲದಲ್ಲಿ ಎಲ್ಲಿ ಬಿಸಿ ಕಂಡರೂ ಅದು ಮೊಬೈಲಿಗೆ ಒಂದು ಕೆಂಪು ಚುಕ್ಕೆ ಕಳಿಸುತ್ತದೆ. ಚುಕ್ಕೆ ಬಂತೆಂದರೆ ಆ ಬೀಟಿನ ಗಾರ್ಡ್ ಓಡಬೇಕು, ಕಣ್ಣಾರೆ ನೋಡಬೇಕು, ‘ಬೆಂಕಿ ತುರ್ತು’ ಎಂಬ ವಾಟ್ಸಾಪ್ ಗುಂಪಿಗೆ ಫೋಟೋ ಸಮೇತ ಬರೆಯಬೇಕು. ಅದನ್ನು ಓದಿಕೊಂಡು ರೇಂಜರ್ ಶಂಭುಲಿಂಗ ಸಾಹೇಬರು ಜೀಪನ್ನು ಎತ್ತ ಓಡಿಸುವುದೆಂದು ತೀರ್ಮಾನಿಸುತ್ತಾರೆ. ಗಾರ್ಡ್ ಬರೆದದ್ದೇ ಅವರಿಗೆ ಕಣ್ಣು.

ಫೆಬ್ರವರಿಯ ಮೊದಲ ವಾರ ತನ್ನ ಬೀಟಿಗೆ ಮೊದಲ ಚುಕ್ಕೆ ಬಿದ್ದಾಗ ಸ್ಫೂರ್ತಿ ಓಡಿದ್ದಳು, ಓಡಿದ್ದೆಂದರೆ ಹೇಗೆ! ಜೀಪು, ಆರು ಜನ, ಎರಡು ಯಂತ್ರ, ಎಲ್ಲದರ ಮುಂದೆ ಟೋಪಿ ಸೊಟ್ಟಗಾದ ಇವಳು, ಕೈಯಲ್ಲಿ ಬೆಂಕಿ ಬಡಿಯುವ ಹಸಿ ಟೊಂಗೆ. ಗುಡ್ಡದ ಬುಡದ ಸೋಗೆ ಚಪ್ಪರಕ್ಕೆ ನುಗ್ಗಿ, “ಎಲ್ಲಾರೂ ಹೊರಗ ಬರ್ರಿ! ಬೆಂಕಿ ಬಿದ್ದೈತಿ!” ಎಂದು ಕಿರುಚಿದ್ದಳು. ಒಳಗೆ ನಲವತ್ತು ಜನ ಲೋಟ ಹಿಡಿದು ಕೂತಿದ್ದರು. ನಡುವೆ ದೊಡ್ಡ ಒಲೆ, ಒಲೆಯ ಮೇಲೆ ಕೊಪ್ಪರಿಗೆಯ ತುಂಬ ಕುದಿಯುವ ಬೆಲ್ಲ. ಆಲೆಮನೆಯ ಯಜಮಾನ ನಾಗಪ್ಪ ಸೌಟು ನಿಲ್ಲಿಸಿ ಒಮ್ಮೆ ಒಲೆಯನ್ನು ನೋಡಿದ, ಒಮ್ಮೆ ಇವಳ ಕೈಯ ಟೊಂಗೆಯನ್ನು ನೋಡಿದ. “ಹೌದು ಮೇಡಮ್ಮೋರೆ, ಬೆಂಕಿನೇ. ಆದ್ರೆ ಈಗ್ಲೇ ಆರಿಸ್ಬೇಡಿ ಮಾರಾಯ್ರೆ, ಪಾಕ ಬರೂಕೆ ಇನ್ನೂ ಅರ್ಧ ತಾಸು ಉಂಟು” ಎಂದ. ಆ ನಗು! ಚಪ್ಪರದ ಸೋಗೆ ಹಾರಿಹೋಗುವ ನಗು. ಜೀಪಿನವರೂ ಟೊಂಗೆ ಬಿಸಾಡಿ ನಗುತ್ತ ತಲಾ ಮೂರು ಲೋಟ ಹಾಲು ಕುಡಿದರು, ಮಂಡಕ್ಕಿ ಮೆದ್ದರು. ನಾಗಪ್ಪನ ಹೆಂಡತಿ ದೇವಿ ಇವಳ ಮುಂದೆಯೂ ಲೋಟ ಹಿಡಿದಾಗ, “ಡ್ಯೂಟಿ ಮ್ಯಾಲೆ ಕುಡಿಯಂಗಿಲ್ರಿ” ಎಂದುಬಿಟ್ಟಳು, ಅದೇನೋ ಸಾರಾಯಿ ಅನ್ನುವ ಹಾಗೆ. ಅದಕ್ಕೆ ಮತ್ತಷ್ಟು ನಗು. ಮರುದಿನದಿಂದ ಕಾನಸೂರಿನ ಚಹಾದಂಗಡಿಯಲ್ಲಿ ಅವಳ ಹೆಸರು ‘ಕೊಪ್ಪರಿಗೆ ಮೇಡಂ’. ಅಂದು ಮನಸ್ಸಿನಲ್ಲೇ ಆಣೆ ಹಾಕಿಕೊಂಡಳು, ಈ ಚಪ್ಪರದ ಒಂದು ತೊಟ್ಟನ್ನೂ ಈ ಜನ್ಮದಲ್ಲಿ ಬಾಯಿಗೆ ಹಾಕುವುದಿಲ್ಲ ಎಂದು.

ಆದರೆ ಅವಮಾನವಾದವರ ಬುದ್ಧಿ ಬಲು ಚುರುಕು. ಆವತ್ತೇ, ಎಲ್ಲರೂ ಹಾಲು ಕುಡಿಯುತ್ತಿದ್ದಾಗ, ಅವಳು ಒಲೆಯನ್ನು ಏಳು ಕಡೆಯಿಂದ ಏಳು ಫೋಟೋ ಹೊಡೆದುಕೊಂಡಿದ್ದಳು. ಒಂದು ಎದುರಿನಿಂದ, ಒಂದು ಹಿಂದಿನಿಂದ, ಒಂದರಲ್ಲಿ ಗಾಣ, ಒಂದರಲ್ಲಿ ಕಬ್ಬಿನ ಸಿಪ್ಪೆಯ ರಾಶಿ, ಹೀಗೆ. ಆಮೇಲೆ ಅದೇ ಜಾಗಕ್ಕೆ ಚುಕ್ಕೆ ಬಂದಾಗಲೆಲ್ಲ ಕೂತಲ್ಲಿಂದಲೇ ಒಂದೊಂದು ಫೋಟೋ ತೆಗೆದು ಕಳಿಸುವುದು, ಕೆಳಗೆ ಬರೆಯುವುದು: ‘ಸ್ಥಳ ಪರಿಶೀಲಿಸಲಾಗಿದೆ. ಆಲೆಮನೆ ಒಲೆ. ಕಾಡಿಗೆ ಅಪಾಯವಿಲ್ಲ.’ ಮೊದಲ ಸಲ ಬರೆದು ಮೂರು ಸಲ ಅಳಿಸಿದ್ದಳು. ಎರಡನೇ ಸಲ ಒಮ್ಮೆ ಮಾತ್ರ ಅಳಿಸಿದಳು. ಆರನೇ ಸಲ ಅವಳು ದೋಸೆ ತಿನ್ನುತ್ತಿದ್ದಳು, ಎಡಗೈಯಲ್ಲೇ ಕಳಿಸಿ ಚಟ್ನಿ ಹಾಕಿಸಿಕೊಂಡಳು. ಅಪಾಯವಂತೂ ಇರಲಿಲ್ಲವಲ್ಲ. ಬರೆದದ್ದರಲ್ಲಿ ಮೂರು ವಾಕ್ಯ, ಎರಡು ನಿಜ. ಮೂರರಲ್ಲಿ ಎರಡು ನಿಜವಾದರೆ ಪಾಸೇ ಅಲ್ಲವೇ?

ಇವತ್ತು ನಾಗಪ್ಪನ ಆಲೆಮನೆಯ ಕಡೇ ದಿನ. ನಿನ್ನೆ ದೇವಿ ಫೋನು ಮಾಡಿ ಕರೆದಿದ್ದಳು, ಇಡೀ ಊರನ್ನು ಕರೆದ ಹಾಗೆ. ಅವರ ಮನೆಯಲ್ಲಿ ನಾಗಪ್ಪನ ಅಪ್ಪನ ಕಾಲದಿಂದ ಬಂದ ಪದ್ಧತಿಯಂತೆ, ಕಡೇ ಗಾಣದ ಹಾಲಿನಿಂದ ಬೆಲ್ಲ ಮಾಡುವ ಹಾಗಿಲ್ಲ. ಅಷ್ಟೂ ಬಂದವರ ಹೊಟ್ಟೆಗೆ. ಎಲ್ಲರೂ ಕುಡಿದ ಮೇಲೆ ಒಂದು ಲೋಟ ಎತ್ತಿಟ್ಟು ಅದನ್ನು ಒಲೆಗೆ ಹೊಯ್ಯುವುದು, ಇಷ್ಟು ದಿನ ಉರಿದು ದಣಿದ ಬೆಂಕಿಯ ಪಾಲು ಅದು. “ಬನ್ನಿ ಮೇಡಂ, ಸಿಟ್ಟು ಬಿಟ್ಟು ಬನ್ನಿ, ನಮ್ಮೂರವರ ಬಾಯಿ ಹಂಗೇಯ, ಹೊಟ್ಟೇಲಿ ಎಂತದೂ ಇಲ್ಲ” ಎಂದಿದ್ದಳು ದೇವಿ. ಹೋಗುತ್ತೇನೆ, ಕುಡಿಯುವುದಿಲ್ಲ ಎಂದು ತೀರ್ಮಾನಿಸಿ ಸ್ಫೂರ್ತಿ ಇಸ್ತ್ರಿಪೆಟ್ಟಿಗೆ ಕಾಯಿಸಿದ್ದು. ಅದನ್ನೇ ಯೋಚಿಸುತ್ತ ಹೊನ್ನೆಮರದ ತಿರುವಿಗೆ ಬಂದಳೋ ಇಲ್ಲವೋ, ಜೇಬು ಗುಂಯ್‌ಗುಟ್ಟಿತು. ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಚುಕ್ಕೆ. ಅದೇ ಜಾಗ.

ಬೈಕು ಇಳಿಯಲೂ ಇಲ್ಲ. ಒಂದು ಕಾಲು ನೆಲಕ್ಕೆ ಊರಿ ಏಳನೆಯ ಫೋಟೋ ಹುಡುಕಿದಳು. ಅದನ್ನು ಇಷ್ಟು ದಿನ ಬಳಸದೆ ಉಳಿಸಿದ್ದಕ್ಕೆ ಕಾರಣವಿತ್ತು, ಅದರಲ್ಲಿ ನಾಗಪ್ಪ ಇವಳನ್ನೇ ನೋಡಿ ಹಲ್ಲು ಕಿರಿದಿದ್ದ. ಹೋಗಲಿ, ಆಲೆಮನೆ ಮುಗಿಯಿತು, ಇನ್ನು ಇದರ ಹಂಗಿಲ್ಲ ಎಂದುಕೊಂಡು ಒತ್ತಿದಳು. ಸ್ಥಳ ಪರಿಶೀಲಿಸಲಾಗಿದೆ. ಎರಡೇ ನಿಮಿಷಕ್ಕೆ ಶಂಭುಲಿಂಗ ಸಾಹೇಬರ ಹೆಬ್ಬೆರಳು ಬಂತು, ಅದರ ಬೆನ್ನಿಗೇ ಒಂದು ಸಾಲು: ‘ಗುಡ್. ಜೀಪು ಹೆಗ್ಗರಣೆ ಕಡೆ ಕಳಿಸ್ತೇನೆ.’ ಆ ಗುಡ್ ಎಂಬುದು ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ ಅಲ್ಲೇ ಉಳಿಯಿತು. ಅವಳಿಗೆ ಒಂಬತ್ತು ವರ್ಷವಿದ್ದಾಗ ಒಂದು ಸಂಜೆ ಅವ್ವ, ಶಾರದವ್ವ, ರೊಟ್ಟಿ ಬಡಿಯುತ್ತ, “ಕೋಳಿ ಬುಟ್ಟಿ ಮುಚ್ಚೇತೇನು ನೋಡಿ ಬಾ” ಎಂದಿದ್ದಳು. ಸ್ಫೂರ್ತಿ ಹಿತ್ತಲ ಬಾಗಿಲಿನ ತನಕ ಹೋಗಿ, ಕತ್ತಲಿಗೆ ಹೆದರಿ, ಹತ್ತು ಎಣಿಸಿ ತಿರುಗಿ ಬಂದು, “ನೋಡಿ ಬಂದೆನವ್ವ, ಮುಚ್ಚೇತಿ” ಎಂದಳು. ಬೆಳಿಗ್ಗೆ ಐದು ಕೋಳಿಗಳ ಪುಕ್ಕ ಹಿತ್ತಲ ತುಂಬ. ಅವ್ವ ಬೈಯಲಿಲ್ಲ. ಬೈದಿದ್ದರೆ ಅತ್ತು ಮುಗಿದುಹೋಗುತ್ತಿತ್ತು. ಅವತ್ತಿನಿಂದ ಇವಳು ಏನೇ ನೋಡಿ ಬಂದೆ ಎಂದರೂ ಅವ್ವ “ಹೂಂ” ಎಂದು ರೊಟ್ಟಿ ಬಿಟ್ಟು ಎದ್ದು ತಾನೇ ಒಮ್ಮೆ ಹೋಗಿ ನೋಡಿ ಬರುತ್ತಿದ್ದಳು. ಈಗಲೂ ಗ್ಯಾಸ್ ಆಫ್ ಮಾಡಿದೆ ಎಂದರೆ ಎದ್ದು ಹೋಗಿ ಮುಟ್ಟಿ ನೋಡುತ್ತಾಳೆ. ಅರಣ್ಯ ಇಲಾಖೆಯಲ್ಲಿ ಕೆಲಸ ಸಿಕ್ಕಿದಾಗ ಅವ್ವ ಕೇಳಿದ್ದು ಒಂದೇ ಮಾತು: “ಏನ್ ಕೆಲಸವ್ವಾ ಅದು, ನೋಡಿ ಬರೂದೇನು?”

ಚಪ್ಪರದಲ್ಲಿ ಅರವತ್ತು ಜನವಾದರೂ ಇದ್ದರು. ಕೋಣ ಗಾಣ ಸುತ್ತಿ ಮುಗಿಸಿ ನೆರಳಲ್ಲಿ ಮೆಲುಕು ಹಾಕುತ್ತಿತ್ತು. ನಾಲ್ಕು ನೀಲಿ ಡ್ರಮ್ಮಿನ ತುಂಬ ಹಾಲು. ಹಳ್ಳ ಬತ್ತಿ ಹೇಗೂ ಖಾಲಿ ಬಿದ್ದಿದ್ದ ನೀರಿನ ಡ್ರಮ್ಮುಗಳನ್ನೇ ತೊಳೆದು ತುಂಬಿದ್ದರು. “ಬಂದ್ರು ಬಂದ್ರು, ಕೊಪ್ಪರಿಗೆ ಮೇಡಂ ಬಂದ್ರು!” ಎಂದು ಯಾರೋ ಕೂಗಿದರು, ಸ್ಫೂರ್ತಿ ಹಲ್ಲು ಕಚ್ಚಿ ನಕ್ಕಳು. ನಾಗಪ್ಪ ತೋಳು ಹಿಡಿಯದಿದ್ದರೇನು, ಹಿಡಿದ ಹಾಗೇ ಕರೆದುಕೊಂಡು ಹೋಗಿ ಒಲೆಯ ಪಕ್ಕದ ಬೆಂಚಿನ ಮೇಲೆ ಕೂರಿಸಿದ. “ನಿಮ್ಮ ಜಾಗ ಇದೇಯ. ಒಲೆ ಕಾಯೂದು ನಿಮ್ಮ ಡ್ಯೂಟಿ ಅಲ್ದಾ?” ಎಂದ. ಮತ್ತೆ ನಗು. ಅವಳು ಎಲ್ಲಿ ನೋಡುವುದೆಂದು ತಿಳಿಯದೆ ಒಲೆಯೊಳಗೆ ನೋಡಿದಳು.

ಒಲೆಯೊಳಗೆ ಬೆಕ್ಕು ಮಲಗಿತ್ತು.

ಕೆಂದು ಬಣ್ಣದ ಬೆಕ್ಕು, ಬೂದಿಯಲ್ಲಿ ಗುಂಡಗೆ ಸುತ್ತಿಕೊಂಡು, ಒಂದು ಕಿವಿ ಮಾತ್ರ ಅಲ್ಲಾಡಿಸುತ್ತ. ಸ್ಫೂರ್ತಿ ಕೈ ಚಾಚಿ ಒಲೆಯ ಕಲ್ಲು ಮುಟ್ಟಿದಳು. ತಣ್ಣಗಿತ್ತು. ಇವತ್ತು ಒಲೆ ಹಚ್ಚುವುದಿಲ್ಲ, ಕಡೇ ಹಾಲಿಗೆ ಬೆಲ್ಲ ಇಲ್ಲ, ಎಂದು ದೇವಿ ನಿನ್ನೆ ಬಾಯಾರೆ ಹೇಳಿದ್ದಳು. ಇವಳು ಹೂಂ ಹೂಂ ಎಂದು ಕೇಳಿಸಿಕೊಂಡಿದ್ದಳು. ಹಾಗಾದರೆ ಚುಕ್ಕೆ ಯಾವುದು? ಮೇಲಿರುವ ಉಪಗ್ರಹಕ್ಕೆ ಆಲೆಮನೆಯೂ ಒಂದೇ, ಅದರ ಹಿಂದಿನ ಗುಡ್ಡವೂ ಒಂದೇ, ಎರಡಕ್ಕೂ ಸೇರಿ ಒಂದೇ ಚುಕ್ಕೆ. ಅವಳು ಚಪ್ಪರದ ಹಿಂಬದಿಗೆ ಓಡಿದಳು. ಸೋಗೆಯ ಅಂಚಿನಾಚೆ, ಗಾಳಿಗುಡ್ಡದ ಅರ್ಧ ಎತ್ತರದಲ್ಲಿ, ಬಿಳಿ ಹೊಗೆ. ಬಿಳಿಯ ಬುಡದಲ್ಲಿ ಕಂದು ಹೊಗೆ. ಗಾಳಿ ಆಚೆ ಮುಖವಾಗಿದ್ದುದರಿಂದ ಇಲ್ಲಿಗೆ ವಾಸನೆ ಬಂದಿರಲಿಲ್ಲ. ಗುಡ್ಡದ ನೆತ್ತಿ ದಾಟಿದರೆ ಆಚೆಗೆ ಕಾನು, ಸೂರ್ಯನೂ ಇಳಿಯದ ಹಳೇ ಕಾಡು. ಈ ವರ್ಷ ಅದರ ತಳವೂ ಸೌದೆಯ ಹಾಗೆ ಒಣಗಿದೆ. ಅಲ್ಲಿಗೆ ಬೆಂಕಿ ಇಳಿದರೆ ಮಳೆಗಾಲದ ತನಕ ಆರಿಸುವವರಿಲ್ಲ. ಆಮೇಲೆ ನೆನಪಾಯಿತು: ಗುಡ್ಡದ ಮೇಲೆ ಬೈರಣ್ಣ ಇದ್ದಾನೆ.

ಬೈರ ಬೇಸಿಗೆಯ ಮೂರು ತಿಂಗಳು ಗುಡ್ಡ ಕಾಯುವ ವಾಚರು. ಅರವತ್ತು ಹತ್ತಿರ ಬಂದಿದೆ, ಸೊಂಟದಲ್ಲಿ ಕತ್ತಿ, ಬಾಯಲ್ಲಿ ಎಲೆಯಡಿಕೆಯ ಕವಳ. ಇಲಾಖೆಯವರು ಕೊಟ್ಟ ಬಟನ್ ಫೋನನ್ನು ಚಾರ್ಜು ಖರ್ಚಾಗುತ್ತದೆಂದು ಯಾವಾಗಲೂ ಆಫ್ ಮಾಡಿಯೇ ಇಟ್ಟುಕೊಳ್ಳುತ್ತಾನೆ. ಸ್ಫೂರ್ತಿ ಮೊಬೈಲು ತೆಗೆದಳು. ಶಂಭುಲಿಂಗ ಸಾಹೇಬರ ಹೆಸರಿನ ಮೇಲೆ ಬೆರಳು ಹೋಯಿತು, ನಿಂತಿತು. ಏನಂತ ಹೇಳುವುದು? ಹತ್ತು ನಿಮಿಷದ ಹಿಂದೆ ನಾನೇ ನೋಡಿ ಬಂದ ಬೆಂಕಿ ಈಗ ನಿಜವಾಗಿದೆ ಸರ್, ಅಂತಲೇ? ಜೀಪು ಆಗಲೇ ಹೆಗ್ಗರಣೆಯ ದಾರಿ ಹಿಡಿದಿರುತ್ತದೆ, ತಿರುಗಿ ಬರಲು ಒಂದು ತಾಸು, ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ, ಹೇಳಿಯೂ ಏನು ಪ್ರಯೋಜನ ಎಂದು ಮನಸ್ಸು ಚಕಚಕನೆ ವಾದ ಹೂಡಿತು. ವಾದದಲ್ಲಿ ಒಂದು ತಪ್ಪೂ ಇರಲಿಲ್ಲ, ಅದೇ ಅವಳಿಗೆ ಹೇಸಿಗೆ ಹುಟ್ಟಿಸಿತು. ಆದರೂ ಮೊಬೈಲು ಜೇಬಿಗೆ ಹೋಯಿತು. ತಿರುಗಿ ಚಪ್ಪರಕ್ಕೆ ಬಂದು, “ಎಲ್ಲಾರೂ ಹೊರಗ ಬರ್ರಿ! ಬೆಂಕಿ ಬಿದ್ದೈತಿ!” ಎಂದು ಕಿರುಚಿದಳು.

ಜನ ಬಿದ್ದೂ ಬಿದ್ದೂ ನಕ್ಕರು. ಒಬ್ಬ ಮುದುಕನಿಗಂತೂ ಕುಡಿಯುತ್ತಿದ್ದ ಹಾಲು ಮೂಗಿನಿಂದ ಬಂತು. “ಶಭಾಶ್! ಮಸ್ತ್ ಮಾಡ್ತ್ರು ಮೇಡಂ, ಅವತ್ತಿನ ಹಂಗೇಯ!” ಎಂದು ಚಪ್ಪಾಳೆ. ಸ್ಫೂರ್ತಿಯ ಕಣ್ಣಲ್ಲಿ ನೀರು ಬಂದುಬಿಟ್ಟಿತು. “ಖರೇನ ರೀ! ನಿಮ್ ಕಾಲಿಗೆ ಬೀಳ್ತೀನಿ! ಮ್ಯಾಲೆ ಬೈರಣ್ಣ ಒಬ್ಬನ ಅದಾನ!” ಎಂದದ್ದಕ್ಕೆ ಮೊದಲು ನಗು ನಿಲ್ಲಿಸಿದವಳು ದೇವಿ. ಅವಳು ಹೊರಗೆ ಬಂದು ಗುಡ್ಡ ನೋಡಿದಳು, ಒಳಗೆ ತಿರುಗಿ ಗಂಡನಿಗೆ, “ಎಂತ ಹಲ್ ಬಿಟ್ಕಂಡ್ ಕೂತದ್ದು? ಗೋಣಿಚೀಲ ತೆಗಿ!” ಎಂದಳು. ನೀರೆಲ್ಲಿ ಎಂದರು ಯಾರೋ. ಬೆಂಕಿ ಬಿದ್ದಾಗ ಬಾವಿ ತೋಡುತ್ತಾರೆ ಎಂಬ ಗಾದೆಯಾದರೂ ಉಂಟು, ಇಲ್ಲಿ ತೋಡಿದರೂ ನೀರಿಲ್ಲ. ಎಲ್ಲರ ಕಣ್ಣೂ ನಾಲ್ಕು ನೀಲಿ ಡ್ರಮ್ಮುಗಳ ಮೇಲೆ ಹೋಯಿತು, ನಾಗಪ್ಪನ ಮುಖದ ಮೇಲೆ ಬಂತು. ನಾಗಪ್ಪ ತಲೆ ಕೆರೆದುಕೊಂಡ. ಇಡೀ ವರ್ಷದ ಕಡೇ ಹಾಲು, ಶುಂಠಿ ಲಿಂಬೆ ಹಿಂಡಿ ಹದ ಮಾಡಿದ್ದು. “ಹೆಂಗೂ ಕಡೇ ಪಾಲು ಬೆಂಕಿಗೇ ಕೊಡೂದಲ್ದಾ? ಈ ವರ್ಷ ಅದಕ್ಕೆ ಬಾಯಾರಿಕೆ ಜಾಸ್ತಿ ಅಂತ ತಿಳ್ಕ” ಎಂದು ದೇವಿ ಮೊದಲ ಕೊಡ ಅದ್ದಿಯೇಬಿಟ್ಟಳು.

ಆಮೇಲೆ ನಡೆದದ್ದು ಸ್ಫೂರ್ತಿಗೆ ಸರಿಯಾಗಿ ನೆನಪಿಲ್ಲ, ಚೂರುಚೂರಾಗಿ ನೆನಪಿದೆ. ಕೊಡ, ಬಕೆಟ್ಟು, ಹಾಲು ಅಳೆಯುವ ತಪ್ಪಲೆ, ಕೈಯಿಂದ ಕೈಗೆ ಗುಡ್ಡ ಹತ್ತುತ್ತಿದ್ದವು. ಹಾಲಿನಲ್ಲಿ ಅದ್ದಿದ ಗೋಣಿಚೀಲ ಬೀಸಿ ನಾಗಪ್ಪ ಉರಿಯನ್ನು ಬಡಿಯುತ್ತಿದ್ದ. ಪ್ರತಿ ಬಡಿತಕ್ಕೂ ಚುಂಯ್ ಎಂದು ಹಬೆ, ಹಬೆಯಲ್ಲಿ ಸುಟ್ಟ ಬೆಲ್ಲದ ಗಮಗಮ. ಯಾರೋ ಒಬ್ಬರು, “ಅಯ್ಯೋ, ಒಂದ್ ಗುಟುಕು ಕುಡಿದು ಹೊಯ್ತೆ ಮಾರಾಯಾ” ಎಂದು ಬಕೆಟ್ಟಿಗೇ ಬಾಯಿ ಹಾಕಿದ್ದು, ಹಿಂದಿನವರು ಬೆನ್ನಿಗೆ ಗುದ್ದಿದ್ದು. ಇಸ್ತ್ರಿ ಹಾಕಿದ ಯೂನಿಫಾರ್ಮು ಕಬ್ಬಿನ ಹಾಲಿನಲ್ಲಿ ತೊಯ್ದು, ಮಸಿ ಮೆತ್ತಿ, ಮೈಗೆ ಅಂಟಿ ಗಂಜಿ ಹಾಕಿದಂತಾದದ್ದು. ಹೊಗೆಯಲ್ಲಿ ಕಣ್ಣುರಿದು ನೀರು ಸುರಿಯುವಾಗ, ಥೂ ಎಷ್ಟು ಚೆನ್ನಾಗಿದೆ ಇದು ಎಂದು ಎದೆಯೊಳಗೆ ಏನೋ ಕುಣಿದದ್ದು. ಹೌದು, ಕುಣಿದದ್ದು. ಬೈರಣ್ಣ ಬದುಕಿದ್ದಾನೋ ಇಲ್ಲವೋ ತಿಳಿಯದ ಹೊತ್ತಿನಲ್ಲಿ ಅರವತ್ತು ಜನರ ನಡುವೆ ಟೊಂಗೆ ಬೀಸುವುದು ಅವಳಿಗೆ ಸುಖವಾಗಿತ್ತು, ಆ ಸುಖಕ್ಕೆ ನಾಚಿಕೆಯಾಗುತ್ತಿತ್ತು, ನಾಚಿಕೆಗೆ ಮತ್ತಷ್ಟು ಜೋರಾಗಿ ಬೀಸುತ್ತಿದ್ದಳು. ಒಂದು ಸಲ ಪಕ್ಕದಲ್ಲಿದ್ದ ಹೆಂಗಸು, “ಮೇಡಂ, ಅಲ್ಲಿ ಬೆಂಕಿ ಆರಿ ಆಗಲೇ ಹೊತ್ತಾಯ್ತು, ನೀವು ಬೂದಿ ಬಡೀತಾ ಇದ್ದೀರಿ” ಎಂದು ಭುಜ ಹಿಡಿದು ತಿರುಗಿಸಿದಳು.

ಬೈರ ಸಿಕ್ಕಿದ್ದು ನೆತ್ತಿಯ ಹತ್ತಿರ. ಹುಬ್ಬು ಸುಟ್ಟಿತ್ತು, ಪಂಚೆಯ ಅಂಚು ಸುಟ್ಟಿತ್ತು, ಬಾಯಲ್ಲಿ ಕವಳ ಹಾಗೇ ಇತ್ತು. ನೆತ್ತಿಯ ಉದ್ದಕ್ಕೂ ಎರಡಾಳು ಅಗಲ ತರಗೆಲೆ ಗುಡಿಸಿ ಬರಿ ನೆಲ ಮಾಡಿ, ಆಚೆ ಹಾರಲು ಬಂದ ಉರಿಯನ್ನು ಒಬ್ಬನೇ ಹಸಿ ಟೊಂಗೆಯಿಂದ ಬಡಿಯುತ್ತ ನಿಂತಿದ್ದ. ಒಂದು ಕಿಡಿಯೂ ಕಾನಿಗೆ ಇಳಿದಿರಲಿಲ್ಲ. ಜನರನ್ನು ನೋಡಿದ್ದೇ ಟೊಂಗೆ ಕೆಳಗಿಟ್ಟು ದೊಪ್ಪನೆ ಕೂತ. ಬೆರಳ ಬುಡದಲ್ಲೆಲ್ಲ ಬೊಕ್ಕೆ. “ಒಬ್ಬನ ಯಾಕ ನಿಂತಿ ಬೈರಣ್ಣ? ಕೆಳಗ ಓಡಿ ಬರಬೇಕಿತ್ತಲ್ಲ!” ಎಂದಳು ಸ್ಫೂರ್ತಿ, ಸಿಟ್ಟಿನಿಂದಲೇ. ಬೈರ ಕವಳ ಉಗಿದು ನಕ್ಕ. “ಓಡ್ವ ಅಂದ್ಕಂಡೆ ಮೇಡಂ. ಒಂದ್ ಸಲ ತಿರುಗಿದ್ದೆ ಕೂಡ. ಆಮೇಲೆ ಅಂದ್ಕಂಡೆ, ಮೇಲಿಂದ ಅದು ನೋಡ್ತು, ನಿಮ್ಮ ಮೊಬೈಲಿಗೆ ಚುಕ್ಕೆ ಬಿದ್ದೇ ಬೀಳ್ತದೆ. ಚುಕ್ಕೆ ಬಿದ್ರೆ ಮೇಡಂ ನೋಡೂಕೆ ಬಂದೇ ಬರ್ತ್ರು. ಬೇರೆಯವ್ರಾಗಿದ್ರೆ ಇಲ್ಲ. ಅವತ್ತು ಕೊಪ್ಪರಿಗೆ ನೋಡೂಕೇ ಅಷ್ಟು ಓಡಿ ಬಂದವ್ರು, ಬೆಂಕಿ ನೋಡೂಕೆ ಬರ್ದೇ ಇರ್ತ್ರಾ? ಅದ್ಕೇ ಬಿಡ್ಲಿಲ್ಲ. ಇನ್ನೊಂದ್ ಸ್ವಲ್ಪ, ಇನ್ನೊಂದ್ ಸ್ವಲ್ಪ ಅಂತ ಬಡೀತಾ ಇದ್ದೆ” ಎಂದ.

ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಸ್ಫೂರ್ತಿಗೆ ಕಾಲ ಕೆಳಗಿನ ಬೂದಿ ಇನ್ನೂ ಬಿಸಿಯಿರುವುದು ಬೂಟಿನೊಳಗೆ ಗೊತ್ತಾಯಿತು. ಇಷ್ಟು ವರ್ಷಗಳಲ್ಲಿ, ಅವಳು ನೋಡುತ್ತಾಳೆ ಎಂದು ನಂಬಿ ತಾನು ಎದ್ದು ಹೋಗಿ ನೋಡದೆ ಇದ್ದವನು ಇವನೊಬ್ಬ. ಇವನು ನಂಬಿ ಸುಟ್ಟುಕೊಳ್ಳುತ್ತಿದ್ದ ಹೊತ್ತಿನಲ್ಲಿ ಅವಳು ಹೊನ್ನೆಮರದಡಿ ಒಂದು ಕಾಲು ಊರಿ ನಾಗಪ್ಪನ ಹಲ್ಲು ಹುಡುಕುತ್ತಿದ್ದಳು. ಸುಮ್ಮನಿದ್ದುಬಿಡಬಹುದಿತ್ತು. ಬೆಂಕಿ ಆರಿತ್ತು, ಕಾಡಿಗೆ ಅಪಾಯವಿಲ್ಲ ಎಂದು ಬರೆದದ್ದು ಈಗ ಪೂರಾ ನಿಜ, ಸ್ಥಳವನ್ನಂತೂ ಇದಕ್ಕಿಂತ ಹೆಚ್ಚು ಪರಿಶೀಲಿಸಲು ಯಾರಿಂದಲೂ ಆಗದು. ಮೂರಕ್ಕೆ ಮೂರೂ ನಿಜ. “ನಾ ನೋಡಾಕ ಬಂದಿದ್ದಿಲ್ಲ ಬೈರಣ್ಣ,” ಎಂದಳು. “ಚುಕ್ಕೆ ಬಂದಿತ್ತು. ನಾ ನೋಡದ ಸುಳ್ಳು ಬರದೆ. ಹಳೇ ಫೋಟೋ ಹಾಕಿ, ಒಲಿ ಅಂತ ಬರದೆ. ಜೀಪು ಬರೂದಿತ್ತು, ನನ್ನಿಂದ ಬರಲಿಲ್ಲ. ನಾ ಬಂದಿದ್ದು ಆಲೆಮನಿಗೆ ಕರದಾರಂತ. ಏಳು ಸಲ ಹಂಗ ಬರದೀನಿ.” ಅರವತ್ತು ಜನರ ಎದುರಿಗೆ ಹೇಳಿಬಿಟ್ಟಳು, ಮೂಗಿನ ತುದಿಯಿಂದ ಕಬ್ಬಿನ ಹಾಲಿನ ಹನಿ ತೊಟ್ಟಿಕ್ಕುತ್ತಿರುವಾಗ.

ಬೈರ ತನ್ನ ಬೊಕ್ಕೆಗಳನ್ನು ಎಣಿಸುವವನ ಹಾಗೆ ಕೈ ನೋಡಿಕೊಂಡ. ಅವನಿಗೆ ಬೇಜಾರಾಗಿತ್ತು, ಅದು ಕಂಡಿತು, ಅವನು ಮುಚ್ಚಲಿಲ್ಲ. “ಛೆ” ಎಂದ. ಮತ್ತೆ “ಛೆ ಛೆ” ಎಂದ. ಆಮೇಲೆ ತಲೆಯೆತ್ತಿ, “ಮೊದ್ಲೇ ಗೊತ್ತಿದ್ರೆ ನಾ ಓಡಿಹೋಗ್ತಿದ್ದೆ ಮೇಡಂ. ನಾ ಓಡಿದ್ರೆ ಕಾನು ಉಳೀತಿರ್ಲಿಲ್ಲ. ಗೊತ್ತಿಲ್ದೇ ಇದ್ದದ್ದೇ ಚಲೋ ಆಯ್ತು” ಎಂದು, ಮತ್ತೆ, “ಮುಂದಿನ ಸಲ ಮಾತ್ರ ನೋಡ್ಕಂಡೇ ಬರೀರಿ ಮಾರಾಯ್ರೆ. ನಂಗೆ ಇನ್ನೊಂದು ಜೊತೆ ಹುಬ್ಬು ಇಲ್ಲ” ಎಂದ. ದೇವಿ ಮೊದಲು ನಕ್ಕಳು. ನಾಗಪ್ಪ ನಕ್ಕ. ಗುಡ್ಡವೇ ನಕ್ಕಿತು. ಸ್ಫೂರ್ತಿ ಅಳುತ್ತ ನಕ್ಕಳೋ ನಗುತ್ತ ಅತ್ತಳೋ, ಮಸಿ ಮುಖದ ಮೇಲೆ ಎರಡು ಗೆರೆ ಮಾತ್ರ ಬಿಳಿಯಾಗಿ ಇಳಿದವು.

ಸುಟ್ಟ ನೆಲ ಒಂದೂವರೆ ಎಕರೆ. ಆಗಲೇ ಅದರ ಮೇಲೆ ಎಲ್ಲಿಂದಲೋ ಇರುವೆಗಳು ಸಾಲು ಹಿಡಿದಿದ್ದವು, ಜೇನುನೊಣಗಳು ಇಳಿಯುತ್ತಿದ್ದ ಸದ್ದು ಗುಂಯ್ ಎಂದು ಕೇಳುತ್ತಿತ್ತು. ನೆತ್ತಿಯ ಮೇಲೆ ಸಿಗ್ನಲ್ ಚೆನ್ನಾಗಿತ್ತು. ಸ್ಫೂರ್ತಿ ಅಂಟು ಬೆರಳಿನಿಂದ ಹೊಸ ಫೋಟೋ ಹೊಡೆದಳು: ಕಪ್ಪು ನೆಲ, ಅದರ ಮೇಲೆ ಬೈರಣ್ಣ, ಸುತ್ತ ಮಸಿ ಮುಖದ ಊರು. ಕೆಳಗೆ ಬರೆದಳು: ‘ಮಧ್ಯಾಹ್ನ ನಾನು ಸ್ಥಳ ನೋಡದೆ ವರದಿ ಹಾಕಿದ್ದೆ. ಬೆಂಕಿ ನಿಜ. ಹಿಂದಿನ ಆರು ವರದಿಯೂ ನೋಡದೆ ಬರೆದದ್ದು. ಆರಿಸಿದವರು ಬೈರ ಮತ್ತು ಊರವರು. ಬಳಸಿದ್ದು ಕಬ್ಬಿನ ಹಾಲು, ನಾಲ್ಕು ಡ್ರಮ್.’ ಕಳಿಸಿದ ಮೇಲೆ ಎದೆ ಹಗುರವಾಗುತ್ತದೆ ಅಂದುಕೊಂಡಿದ್ದಳು. ಆಗಲಿಲ್ಲ, ಬದಲಿಗೆ ಹೊಟ್ಟೆ ಹಸಿಯಿತು. ಬೆಳಗಿನಿಂದ ಏನೂ ತಿಂದಿರಲಿಲ್ಲ.

ಎಲ್ಲರೂ ಇಳಿದು ಚಪ್ಪರಕ್ಕೆ ಬಂದರು. ಬೈರನ ಕೈಗೆ ದೇವಿ ಲೋಳೆಸರದ ರಸ ಹಚ್ಚಿದಳು. ನಾಲ್ಕೂ ಡ್ರಮ್ಮು ತಳ ಕಂಡಿತ್ತು. ದೇವಿ ಮಾತ್ರ ಮೊದಲೇ ಪದ್ಧತಿ ಮರೆಯದೆ ಒಂದು ಹಿತ್ತಾಳೆ ಲೋಟ ತುಂಬಿಸಿ ಬಾಳೆ ಎಲೆ ಮುಚ್ಚಿ ಎತ್ತಿಟ್ಟಿದ್ದಳು. ಒಲೆಗೆ ಹೊಯ್ಯಲು ಹೋದರೆ ಬೆಕ್ಕು ಏಳಲೊಲ್ಲದು. “ಇರ್ಲಿ ಬಿಡೇ,” ಎಂದ ನಾಗಪ್ಪ, “ಬೆಂಕಿ ಪಾಲು ಒಂದ್ ಲೋಟ, ಕುಡಿದದ್ದು ನಾಲ್ಕು ಡ್ರಮ್ಮು. ಇನ್ನೂ ಕೊಟ್ರೆ ಅದಕ್ಕೆ ಅಜೀರ್ಣ ಆಗ್ತದೆ. ಆ ಮೇಡಮ್ಮಂಗೆ ಕೊಡು. ಡ್ಯೂಟಿ ಮುಗೀತಲ್ದಾ?” ದೇವಿ ಲೋಟ ತಂದು ಸ್ಫೂರ್ತಿಯ ಮುಂದೆ ಹಿಡಿದಳು, ಫೆಬ್ರವರಿಯಲ್ಲಿ ಹಿಡಿದ ಹಾಗೆಯೇ. ಸ್ಫೂರ್ತಿ ಎರಡೂ ಕೈಯಲ್ಲಿ ಇಸಿದುಕೊಂಡಳು. ಅಷ್ಟರಲ್ಲಿ ಜೇಬು ಗುಂಯ್‌ಗುಟ್ಟಿತು. ಈ ಸಲ ಚುಕ್ಕೆಯಲ್ಲ, ಶಂಭುಲಿಂಗ ಸಾಹೇಬರೇ. ಬೆರಳು ಅಂಟಾಗಿ ಮುಟ್ಟಿದಲ್ಲೆಲ್ಲ ಒತ್ತಿ, ಮೊಬೈಲು ತಾನಾಗಿಯೇ ಎಲ್ಲರಿಗೂ ಕೇಳುವ ಹಾಗೆ ಮಾತಾಡತೊಡಗಿತು.

“ಏನ್ರೀ ಇದು?” ಎಂದರು ಸಾಹೇಬರು. ಹಿಂದಿನಿಂದ ಜೀಪಿನ ಸದ್ದು. “ಏಳು ಸಲ! ನಾನು ನಿಮ್ಮನ್ನ ನಂಬಿ ಮ್ಯಾಲಿನವ್ರಿಗೆ ಬರದೀನಿ. ನಾಳೆ ಹತ್ತಕ್ಕ ಆಫೀಸಿಗೆ ಬರ್ರಿ. ಮೆಮೋ ಕೊಡ್ತೀನಿ, ಉತ್ತರ ನೀವ ಬರೀಬೇಕು, ಫೋಟೋ ಹಾಕಂಗಿಲ್ಲ. ಇನ್ನ ಮಳಿ ಬೀಳೂತನಕ ನಿಮ್ಮ ಬೀಟಿನ ಒಂದೊಂದು ಚುಕ್ಕಿಗೂ ನೀವ ನಡಕೊಂತ ಹೋಗ್ರಿ, ಬೈಕ್ ಸೈತ ಮುಟ್ಟಬ್ಯಾಡ್ರಿ. ತಿಳೀತೇನು?”

“ತಿಳೀತು ಸರ್.”

“ಬೈರ ಆರಾಮದಾನ?”

“ಆರಾಮದಾನ್ರೀ. ಹುಬ್ಬು ಹೋಗ್ಯಾವು.”

ಆಚೆ ಕಡೆ ಜೀಪು ಒಂದು ಗುಂಡಿ ಹಾರಿದ ಸದ್ದಾಯಿತು. ಸಾಹೇಬರು ಬೆಳಗಿನಿಂದ ಮೂರು ಬೆಂಕಿ ನೋಡಿದ್ದರು, ನಾಲ್ಕನೆಯದಕ್ಕೆ ಹೋಗುತ್ತಿದ್ದರು, ದನಿ ಸುಟ್ಟ ಹಂಚಿನ ಹಾಗಾಗಿತ್ತು. ಆಮೇಲೆ, ಯಾರಿಗೂ ಕೇಳಿಸಬಾರದೆಂಬ ಹಾಗೆ ತಗ್ಗಿಸಿ, ಆದರೆ ಅರವತ್ತು ಜನಕ್ಕೂ ಕೇಳುವ ಹಾಗೆ, “ನಾಲ್ಕು ಡ್ರಮ್ ಅಂದ್ರಲ್ರೀ... ವಾಪಸ್ ಬರೂವಾಗ ಆ ಕಡೇನ ಬರ್ತೀನಿ. ಒಂದ್ ಲೋಟನಾದ್ರೂ ಉಳದೈತೇನು?” ಎಂದರು.

ಎಲ್ಲರೂ ಅವಳ ಕೈಯ ಲೋಟ ನೋಡಿದರು. ಲೋಟದ ಅಂಚಿಗೆ ಮಸಿಯ ಬೆರಳು, ನೊರೆಯ ಮೇಲೆ ಒಂದು ಇರುವೆ. ಸ್ಫೂರ್ತಿ ಇರುವೆಯನ್ನು ಮೆಲ್ಲಗೆ ಎತ್ತಿ ಬೆಂಚಿನ ಮೇಲೆ ಬಿಟ್ಟಳು. ಕಣ್ಣು ಮುಚ್ಚಿ ಲೋಟವನ್ನು ಗಟಗಟನೆ ಪೂರ್ತಿ ಕುಡಿದಳು, ಒಂದೂವರೆ ತಿಂಗಳು ಬಿಟ್ಟದ್ದಕ್ಕೆಲ್ಲ ಸೇರಿಸಿ. ಲೋಟ ಬಗ್ಗಿಸಿ ತಳ ನೋಡಿದಳು, ಬೆರಳು ಹಾಕಿ ಮುಟ್ಟಿಯೂ ನೋಡಿದಳು.

“ಇಲ್ಲ ಸರ್, ನೋಡಿದೆ. ಖಾಲಿ” ಎಂದಳು.